ಮೋರಿ ಪಕ್ಕದ ಮನೆ (ಭಾಗ 4)

ಬರೆದು ತುಂಬ ದಿನ ಆಯ್ತು. ಇಂಟರ್ನಲ್ಸ್ ಇತ್ತು ಅನ್ನೋದು ಅರ್ಧ ನಿಜ. ಇನ್ನರ್ಧ ಈ ಪೋಸ್ಟ್‌ನಲ್ಲಿದೆ. ಉದ್ದ ಇದೆ, ಮೊದಲೇ ಹೇಳ್ಬಿಟ್ಟಿದ್ದೀನಿ. ಆಮೇಲೆ "ಏನೇ ಇದು, ಅಸೈನ್‌ಮೆಂಟಾ" ಅಂತ ಬೈಬೇಡಿ.

ಈಗ ಘಾಟಿಯಲ್ಲಿ ಅಪ್ಪನ ಹಣ್ಣುಕಾಯಿ ಅಂಗಡಿಯಲ್ಲಿ ಕೂತು ಟೈಪ್ ಮಾಡ್ತಿದ್ದೀನಿ. ಇವತ್ತು ಭಾನುವಾರ, ರಶ್ಶು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೋಲು, ಯಾಕಂದ್ರೆ ಬಾಳೆಹಣ್ಣಿಗೆ ಹೊಂಚು ಹಾಕ್ಕೊಂಡು ಎರಡು ಕೋತಿ ಎದುರಿಗೇ ಕೂತಿವೆ. ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಘಾಟಿ ಹುಡುಗಿ. ಓದೋದು ಬಿಕಾಂ, ಬೆಂಗಳೂರಲ್ಲಿ. 2023ರಿಂದ ಇರೋದು ಶಾಂತಿನಗರದ ಚಿಕ್ಕಮ್ಮನ ಮನೆಯಲ್ಲಿ. ಆ ಮನೆ ಮೋರಿ ಪಕ್ಕ. ಅದಕ್ಕೇ ಈ ಸರಣಿಗೆ ಈ ಹೆಸರು.

ಮೂರು ತಿಂಗಳ ಹಿಂದೆ ಹಾಕಿದ್ದ ರೀಲ್ ನೆನಪಿದ್ಯಾ? ಮೊದಲು ಹಳೇ ಫೋಟೋ, ಕಪ್ಪು ನೀರು, ತೇಲೋ ಥರ್ಮಾಕೋಲು, ಮೂಗು ಮುಚ್ಕೊಂಡ ನಾನು. ಆಮೇಲೆ ಟಕ್ ಅಂತ ಈಗಿನದು. ಕಲ್ಲು ಹಾಸಿದ ದಾರಿ, ಬೆಂಚು, ಕಾಗದದ ಹೂವಿನ ಗಿಡ, ಸಂಜೆ ಬೆಳಕು. "ನಮ್ಮ ಮೋರಿ ಈಗ ಹೀರೋಯಿನ್" ಅಂತ ಬರೆದಿದ್ದೆ. ನೀವೆಲ್ಲ ಹಾರ್ಟ್ ಒತ್ತಿದ್ರಿ. "ಇದು ಬೆಂಗಳೂರಾ, ನಂಬಕ್ಕಾಗಲ್ಲ" ಅಂದ್ರಿ. "ಇಲ್ಲೇ ಒಂದು ಮನೆ ಬಾಡಿಗೆಗೆ ಸಿಗುತ್ತಾ" ಅಂತ ಕೇಳಿದವರೂ ಇದ್ರಿ. ನಾನು ನಗೋ ಎಮೋಜಿ ಹಾಕಿ ಸುಮ್ಮನಾದೆ.

ಅದರ ಕಥೆ ಹೇಳ್ತೀನಿ.

ಮೊದಲು ಮೋರಿ ಬಗ್ಗೆ. ನಾವು ಮೋರಿ ಅಂತೀವಿ, ಕಾಗದದಲ್ಲಿ ರಾಜಕಾಲುವೆ, ನಂಬರ್ ಕೆ-100. ಕೆ ಅಂದ್ರೆ ಕೋರಮಂಗಲ ಕಣಿವೆ. ಮೆಜೆಸ್ಟಿಕ್ ಕಡೆ ಶುರುವಾಗಿ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆಗೆ ಹೋಗಿ ಸೇರುತ್ತೆ. ಹೆಸರಲ್ಲಿ ರಾಜ ಇರೋದು ಸುಮ್ಮನೆ ಅಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹೋಗೋ ದಾರಿ ಅದು. ಆ ಕೆರೆಗಳು ಏನಾದವು ಅಂತ ನೋಡಿದ್ರೆ ನಗು ಬರುತ್ತೆ, ಅಳುನೂ ಬರುತ್ತೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಕೆರೆ ಹೋದವು, ಕಾಲುವೆ ಉಳೀತು, ಮಳೆ ನೀರಿನ ಜಾಗಕ್ಕೆ ಕೊಳಚೆ ಬಂತು. ಕೊನೆಗೆ ಸೇರೋ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹತ್ತಿ ಉರಿದಿದ್ದು ಟಿವಿಯಲ್ಲಿ ನೋಡಿರ್ತೀರ. ನೀರಿಗೆ ಬೆಂಕಿ. ಆಗ ಅಜ್ಜಿ ನಂಬಲೇ ಇಲ್ಲ, "ಟಿವಿಯವರು ಏನ್ ಬೇಕಾದ್ರೂ ತೋರುಸ್ತಾರೆ" ಅಂದ್ಬಿಟ್ಳು.

ಅದೇ ವರ್ಷ ಆಗಸ್ಟ್ 15ರ ಬೆಳಗಿನ ಜಾವ ಬೆಂಗಳೂರಲ್ಲಿ ಭಯಂಕರ ಮಳೆ. ನಾನಾಗ ಹನ್ನೆರಡು ವರ್ಷದವಳು, ಊರಲ್ಲಿ ಸ್ಕೂಲಿನ ಧ್ವಜಾರೋಹಣಕ್ಕೆ ರೆಡಿ ಆಗ್ತಿದ್ದೆ. ಚಿಕ್ಕಮ್ಮ ಫೋನ್ ಮಾಡಿ ಅಪ್ಪನ ಹತ್ರ ಅಳ್ತಿದ್ಲು. ಮೋರಿ ಉಕ್ಕಿ ಮನೆಯೊಳಗೆ ಮಂಡಿ ಮಟ್ಟ ನೀರು. ಚಿಕ್ಕಪ್ಪನ ಆಟೋ ಅರ್ಧ ಮುಳುಗಿತ್ತು. ಚಿಕ್ಕಮ್ಮ ಹೊಲಿಗೆ ಮಿಷನ್ನನ್ನ ಮಂಚದ ಮೇಲೆತ್ತಿ, ಗಿರಾಕಿಗಳ ಬ್ಲೌಸ್ ಪೀಸೆಲ್ಲ ತಲೆ ಮೇಲೆ ಇಟ್ಕೊಂಡು ನಿಂತಿದ್ಲಂತೆ. "ನಮ್ ಬಟ್ಟೆ ನೆಂದ್ರೆ ಒಣಗುತ್ತೆ, ಅವರದು ನೆಂದ್ರೆ ಹೆಸರು ಹೋಗುತ್ತೆ." ಇದು ಅವಳದೇ ಮಾತು. ಆ ನೀರಿನ ಗೆರೆ ಗೋಡೆ ಮೇಲೆ ಇವತ್ತಿಗೂ ಇದೆ. ಎರಡು ಸಲ ಸುಣ್ಣ ಬಳಿದರೂ ಕಾಣುತ್ತೆ. ಮೂರನೇ ಫೋಟೋ ನೋಡಿ.

ಆ ಮನೆಯಲ್ಲಿ ಅವರು ಹನ್ನೆರಡು ವರ್ಷ ಇದ್ದಿದ್ದು ಇಷ್ಟ ಪಟ್ಟು ಅಲ್ಲ. ಬಾಡಿಗೆ ಕಮ್ಮಿ ಇತ್ತು, ಅಷ್ಟೇ. ಕಮ್ಮಿ ಇದ್ದಿದ್ದು ಮೋರಿ ಇದ್ದಿದ್ದಕ್ಕೆ. ಬೇಸಿಗೆಯಲ್ಲೂ ಕಿಟಕಿ ತೆಗೆಯಂಗಿಲ್ಲ. ಸಂಜೆ ಆರಕ್ಕೆ ಸೊಳ್ಳೆ ಬತ್ತಿ. ನೆಂಟರು ಬಂದರೆ ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ ಕೊಡಬೇಕು. ಮೊದಲ ವಾರ ನಾನು ಊಟ ಮಾಡಕ್ಕಾಗದೆ ಅತ್ತಿದ್ದೀನಿ. ಚಿಕ್ಕಮ್ಮ ಅಂದಿದ್ದು ಒಂದೇ ಮಾತು: "ಹದಿನೈದು ದಿನ ಕಣೇ, ಆಮೇಲೆ ಮೂಗೇ ಮರ್ತೋಗುತ್ತೆ." ನಿಜವಾಗ್ಲೂ ಮರೀತು.

ಕಾಲುವೆ ಕೆಲಸ 2021ರ ಹೊತ್ತಿಗೆ ಶುರುವಾಗಿದ್ದು. ಕೊಳಚೆ ಪೈಪುಗಳನ್ನ ಬೇರೆ ಕಡೆ ತಿರುಗಿಸೋದು, ಗೋಡೆ ಕಟ್ಟೋದು, ಪಕ್ಕದಲ್ಲಿ ಜನ ಓಡಾಡೋಕೆ ದಾರಿ ಮಾಡೋದು. ಯೋಜನೆಗೆ "ವಾಟರ್ ವೇ" ಅಂತ ಹೊಸ ಹೆಸರು. ಎರಡು ವರ್ಷ ಧೂಳು, ಜೆಸಿಬಿ ಸದ್ದು. ಮನೆ ಮುಂದಿನ ಮೆಟ್ಟಿಲು ಒಡೆದಾಗ ಚಿಕ್ಕಪ್ಪ ಹಲಗೆ ಹಾಕಿ ಆರು ತಿಂಗಳು ಓಡಾಡಿದ್ರು. ಆದ್ರೂ ಯಾರೂ ಬೈಲಿಲ್ಲ. ನಾನೂ ಬೈಯಲ್ಲ. ವಾಸನೆ ಮುಕ್ಕಾಲು ಪಾಲು ಹೋಯ್ತು. ಜೋರು ಮಳೆ ಬಂದ ಮರುದಿನ ಸ್ವಲ್ಪ ಬರುತ್ತೆ, ಹಳೇ ಸ್ನೇಹಿತರು ನೆನಪು ಮಾಡ್ಕೊಂಡು ಬಂದಂಗೆ. ಮೊದಲನೇ ಸಲ ಕಿಟಕಿ ತೆಗೆದ ದಿನ ಚಿಕ್ಕಮ್ಮ ಮಿಷನ್ ಎಳ್ಕೊಂಡು ಹೋಗಿ ಕಿಟಕಿ ಹತ್ರ ಹಾಕಿದ್ಲು. "ಹಗಲು ಲೈಟ್ ಹಾಕೋದು ತಪ್ತು, ಕರೆಂಟ್ ಬಿಲ್ ಉಳೀತು" ಅಂದ್ಲು. ಖುಷಿಯನ್ನೂ ಲೆಕ್ಕದಲ್ಲೇ ಹೇಳೋಳು. ನಮ್ಮಲ್ಲಿ ನಿಜವಾದ ಕಾಮರ್ಸ್ ಸ್ಟೂಡೆಂಟ್ ಅವಳೇ.

ಹೋದ ತಿಂಗಳು ಓನರ್ ಅಂಕಲ್ ಬಂದ್ರು. ಕೆಟ್ಟವರಲ್ಲ, ಕೊರೋನಾ ಟೈಮಲ್ಲಿ ಎರಡು ತಿಂಗಳ ಬಾಡಿಗೆ ಕೇಳಿರಲಿಲ್ಲ. ಕಾಫಿ ಕುಡಿದರು. ಅಗ್ರಿಮೆಂಟ್ ಮುಗೀತಲ್ಲ ಅಂದ್ರು. (ಹನ್ನೊಂದು ತಿಂಗಳಿಗೇ ಯಾಕೆ ಬರೆಸ್ತಾರೆ ಗೊತ್ತಲ್ಲ? ಒಂದು ವರ್ಷ ಮೀರಿದ್ರೆ ನೋಂದಣಿ ಕಡ್ಡಾಯ. ಬಿಸಿನೆಸ್ ಲಾ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೆ ಹೇಳ್ತಿದ್ದೀನಿ.) ಬಾಡಿಗೆ 8,500 ಇದ್ದಿದ್ದು 13,000 ಮಾಡ್ಬೇಕು, ಅಡ್ವಾನ್ಸ್ 60,000 ಇದ್ದಿದ್ದು ಒಂದು ಲಕ್ಷ. ಚಿಕ್ಕಮ್ಮ ಏನೋ ಹೇಳಕ್ಕೆ ಹೋದ್ಲು. ಅಂಕಲ್ ಜೇಬಿಂದ ಫೋನ್ ತೆಗೆದು ತೋರಿಸಿದ್ರು.

ನನ್ನ ರೀಲ್.

"ನಿಮ್ ಹುಡುಗೀನೇ ಹಾಕಿದಾಳೆ ನೋಡಮ್ಮ. ಎಷ್ಟು ಜನ ಇಷ್ಟ ಪಟ್ಟಿದ್ದಾರೆ. ಮನೆ ಖಾಲಿ ಇದ್ಯಾ ಅಂತ ಇದರಲ್ಲೇ ಕೇಳಿದ್ದಾರೆ. ನಾನು ಸುಮ್ನೆ ಹೇಳ್ತಿಲ್ಲ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಚಿಕ್ಕಮ್ಮ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಬೈದಿದ್ರೆ ಪರವಾಗಿರಲಿಲ್ಲ ಅನ್ನಿಸ್ತು. ಅವರು ಹೋದಮೇಲೆ ಲೋಟ ತೊಳೀತಾ, "ಚೆನ್ನಾಗಿ ತೆಗ್ದಿದ್ದೀಯ ಬಿಡು" ಅಂದ್ಲು. ಆ ರಾತ್ರಿ ರೀಲ್ ಡಿಲೀಟ್ ಮಾಡಿದೆ. ಯಾಕೆ ಕಾಣ್ತಿಲ್ಲ ಅಂತ ಕೇಳಿದವರಿಗೆ ಉತ್ತರ ಇದು.

ರೀಲ್ ಇಲ್ಲದಿದ್ರೂ ಬಾಡಿಗೆ ಏರ್ತಿತ್ತು, ಗೊತ್ತು. ಅಪ್ಪನೂ ಅದನ್ನೇ ಹೇಳಿದ್ರು: "ದಾರಿ ಕಣ್ಣಿಗೆ ಕಾಣಲ್ವಾ ಅವರಿಗೆ? ನಿನ್ನ ಫೋನ್ ಯಾಕೆ ಬೇಕು?" ನಮ್ಮ ಕಡೆಯೂ ದಾಬಸ್‌ಪೇಟೆ–ದೊಡ್ಡಬಳ್ಳಾಪುರ ರಿಂಗ್ ರಸ್ತೆ ಬಂದಮೇಲೆ ಜಮೀನಿನ ರೇಟ್ ಏನಾಯ್ತು ಅಂತ ಅವರಿಗೆ ಗೊತ್ತು. ಆದ್ರೂ ಲೆಕ್ಕ ತಲೆಯಲ್ಲಿ ತಿರುಗುತ್ತೆ. ತಿಂಗಳಿಗೆ ಹೆಚ್ಚು 4,500. ಲೈನಿಂಗ್ ಬ್ಲೌಸಿಗೆ ಚಿಕ್ಕಮ್ಮ ತಗೊಳ್ಳೋದು 350. ಅಂದ್ರೆ ಹದಿಮೂರು ಬ್ಲೌಸ್ ಜಾಸ್ತಿ ಹೊಲೀಬೇಕು, ನೂಲು, ಲೈನಿಂಗ್ ಎಲ್ಲ ಪುಕ್ಕಟೆ ಬಂದರೆ.

ಸೆಕೆಂಡ್ ಪಿಯುನಲ್ಲಿ ನಾವೆಲ್ಲ ಮಾಡಿದ ಲೆಕ್ಕ ನೆನಪಿಸ್ಕೊಳ್ಳಿ, ಪಾಲುದಾರನ ನಿವೃತ್ತಿ. ಒಬ್ಬ ಪಾಲುದಾರ ಬಿಟ್ಟು ಹೋಗುವಾಗ ಫರ್ಮಿನ ಗುಡ್‌ವಿಲ್‌ನಲ್ಲಿ ಅವನ ಪಾಲು ಲೆಕ್ಕ ಹಾಕಿ ಕೊಡಬೇಕು, ಯಾಕಂದ್ರೆ ಆ ಹೆಸರು ಬೆಳೆಯೋದಕ್ಕೆ ಅವನೂ ದುಡಿದಿದ್ದಾನೆ. ಉಳಿದವರು ಗೇನಿಂಗ್ ರೇಶಿಯೋದಲ್ಲಿ ಕೊಡ್ತಾರೆ. ಐದು ಮಾರ್ಕ್ಸ್‌ಗೆ ಕಣ್ಣು ಮುಚ್ಚಿ ಮಾಡ್ತಿದ್ದೆ. ಆ ಗೋಡೆಯ ನೀರಿನ ಗೆರೆ, ಆರು ತಿಂಗಳ ಹಲಗೆ, ಮರೆತುಹೋದ ಮೂಗು, ಇದನ್ನೆಲ್ಲ ಯಾವ ಅಕೌಂಟಿಗೆ ಕ್ರೆಡಿಟ್ ಮಾಡೋದು ಅಂತ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಕೊರಿಯಾ ಡ್ರಾಮಾ ನೋಡೋರಿಗೆ ಒಂದು ವಿಷಯ. ಸೋಲ್ ನಗರದ ಮಧ್ಯೆ ಹೀರೋ ಹೀರೋಯಿನ್ ನಡ್ಕೊಂಡು ಹೋಗೋ ಒಂದು ಹಳ್ಳ ಇದ್ಯಲ್ಲ, ಚಂಗ್ಯೆಚಾನ್, ಅದರ ಮೇಲೆ ಮೊದಲು ಫ್ಲೈಓವರ್ ಇತ್ತು. 2003ರಲ್ಲಿ ಒಡೆಯೋಕೆ ಶುರು ಮಾಡಿ 2005ರಲ್ಲಿ ಹಳ್ಳ ತೆರೆದರು. ನಮ್ಮ ಕಾಲುವೆ ಮಾತು ಬಂದಾಗೆಲ್ಲ ಅದರ ಹೆಸರೂ ಬರುತ್ತೆ. ನಿಜಕ್ಕೂ ಚೆಂದ ಇದೆ. ಆದ್ರೆ ಅಲ್ಲಿ ಹರಿಯೋ ನೀರು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ಬಿಡೋದು. ಫ್ಲೈಓವರ್ ಕೆಳಗೆ ವ್ಯಾಪಾರ ಮಾಡ್ತಿದ್ದ ಬೀದಿ ವ್ಯಾಪಾರಿಗಳನ್ನ ಒಂದು ಹಳೇ ಸ್ಟೇಡಿಯಂಗೆ ಕಳಿಸಿದ್ರು, ಆಮೇಲೆ ಆ ಸ್ಟೇಡಿಯಂನೂ ಒಡೆದ್ರು. ಡ್ರಾಮಾದಲ್ಲಿ ಅದು ಬರಲ್ಲ. ನನ್ನ ರೀಲಲ್ಲೂ ಚಿಕ್ಕಮ್ಮ ಬಂದಿರಲಿಲ್ಲ.

ಚಿಕ್ಕಪ್ಪ ಮೂರು ವಾರ ಮನೆ ಹುಡುಕಿದರು. ಚಂದಾಪುರದ ಕಡೆ ಕಮ್ಮಿಗೆ ಸಿಗುತ್ತೆ, ಆದ್ರೆ ಚಿಕ್ಕಮ್ಮನ ಗಿರಾಕಿಗಳೆಲ್ಲ ಇರೋದು ಶಾಂತಿನಗರ, ವಿಲ್ಸನ್ ಗಾರ್ಡನ್‌ನಲ್ಲಿ. ಬ್ಲೌಸ್ ಹೊಲಿಸೋಕೆ ಅಷ್ಟು ದೂರ ಯಾರು ಬರ್ತಾರೆ? ಕೊನೆಗೆ ಸಿಕ್ಕಿದ್ದು ಎಲ್ಲಿ ಹೇಳಿ? ಕೋರಮಂಗಲ ಕಡೆ ಒಂದು ಗಲ್ಲಿ. ಅದೇ ಕಾಲುವೆ, ಸ್ವಲ್ಪ ಕೆಳಗೆ. ಅಲ್ಲಿ ಕಲ್ಲಿನ ದಾರಿ ಇಲ್ಲ, ಬೆಂಚಿಲ್ಲ, ಹೂವಿಲ್ಲ. ವಾಸನೆ ಪೂರ್ತಿ ಇದೆ. ಬಾಡಿಗೆ 9,000.

ಮನೆ ನೋಡೋಕೆ ನಾನೂ ಹೋಗಿದ್ದೆ. ಬಾಗಿಲಲ್ಲೇ ಮೂಗು ಮುಚ್ಚಿದೆ. ಚಿಕ್ಕಮ್ಮ ನಕ್ಕಳು. "ಹದಿನೈದು ದಿನ ಕಣೇ." ಆಮೇಲೆ ಕಿಟಕಿ ಮುಚ್ಚಿ ಚಿಲಕ ಸರಿ ಇದ್ಯಾ ಅಂತ ನೋಡಿದ್ಲು. "ಇಲ್ಲೂ ಚೆಂದ ಮಾಡಿದ್ರೆ ಇನ್ನೂ ಕೆಳಕ್ಕೆ ಹೋಗೋಣ. ಹಿಂಗೇ ಹೋಗ್ತಾ ಹೋಗ್ತಾ ಬೆಳ್ಳಂದೂರು ಕೆರೆ ಮುಟ್ತೀವಿ" ಅಂದ್ಲು. ಚಿಕ್ಕಪ್ಪ ನಗಲಿಲ್ಲ.

ಇಲ್ಲಿ ದೇವಸ್ಥಾನದಲ್ಲಿ ಒಂದು ಕನ್ನಡಿ ಇದೆ, ಬಂದವರು ನೋಡಿರ್ತೀರ. ಒಂದೇ ಶಿಲೆ, ಮುಂದೆ ಸುಬ್ರಹ್ಮಣ್ಯ, ಬೆನ್ನ ಕಡೆ ನರಸಿಂಹ. ನರಸಿಂಹನ ದರ್ಶನ ಆಗೋದು ಆ ಕನ್ನಡಿಯಲ್ಲೇ. ಇವತ್ತು ಬೆಳಿಗ್ಗೆ ಸಾಲಲ್ಲಿ ನಿಂತಾಗ ಎಷ್ಟೋ ಹೊತ್ತು ಅದನ್ನೇ ನೋಡ್ತಿದ್ದೆ. ಹಿಂದಿನವರು ತಳ್ಳಿದ ಮೇಲೇ ಮುಂದೆ ಹೋಗಿದ್ದು.

ಮುಂದಿನ ಭಾನುವಾರ ಸಾಮಾನು ಸಾಗಿಸ್ತೀವಿ. ಆಟೋದಲ್ಲಿ ಮೂರು ಟ್ರಿಪ್ ಆಗುತ್ತೆ ಅಂತ ಚಿಕ್ಕಪ್ಪನ ಲೆಕ್ಕ. ಮಿಷನ್ ಮೊದಲ ಟ್ರಿಪ್ಪಲ್ಲಿ.

ಮೊದಲನೇ ಫೋಟೋ ಮೊನ್ನೆ ಗುರುವಾರ ಸಂಜೆದು. ಊರಿಗೆ ಹೊರಡೋಕೆ ಬ್ಯಾಗ್ ತುಂಬ್ತಿದ್ದೆ, ಚಿಕ್ಕಮ್ಮ ಕರೆದಳು. ಹಬ್ಬಕ್ಕೆ ಉಡೋ ಸೀರೆ ಉಟ್ಟಿದ್ದಳು. "ಎಲ್ಲಾರ್ದೂ ಫೋಟೋ ತೆಗೀತೀಯಲ್ಲ, ನಂದೊಂದು ತೆಗಿ" ಅಂದ್ಲು. ಬೆಂಚಿನ ಮೇಲೆ ನೆಟ್ಟಗೆ ಕೂತಳು. ಇಷ್ಟು ದಿನ ಆ ಬೆಂಚಿನ ಮೇಲೆ ಅವಳು ಕೂತಿದ್ದನ್ನ ನಾನು ನೋಡೇ ಇರಲಿಲ್ಲ, ಪುರುಸೊತ್ತೆಲ್ಲಿತ್ತು. ಹೂವಿನ ಗಿಡದ ಕಡೆ ಫೋನ್ ತಿರುಗಿಸಿದೆ, ಬ್ಯಾಕ್‌ಗ್ರೌಂಡ್ ಚೆನ್ನಾಗಿರುತ್ತೆ ಅಂತ.

"ಆ ಕಡೆ ಬೇಡ ಕಣೇ," ಅಂದ್ಲು. "ನಮ್ ಮನೆ ಕಿಟಕಿ ಕಾಣೋ ಹಂಗೆ ತೆಗಿ."

#ಮೋರಿಪಕ್ಕದಮನೆ #ಘಾಟಿಹುಡುಗಿ