ಗೆಳೆಯನ ತೋಟದಲ್ಲಿ ಎಂಟು ದಿನ

ಕೇಂದ್ರ ಸರ್ಕಾರದ ಗುಮಾಸ್ತನಿಗೆ ರಜೆಯ ಲೆಕ್ಕ ಸಂಬಳದ ಲೆಕ್ಕಕ್ಕಿಂತ ಚೆನ್ನಾಗಿ ಬರುತ್ತದೆ. ನಾಲ್ಕು ವರ್ಷದ ಬ್ಲಾಕಿನಲ್ಲಿ ಒಮ್ಮೆ ಸ್ವಂತ ಊರಿನ ಬದಲು ಭಾರತದಲ್ಲೆಲ್ಲಾದರೂ ಹೋಗಿಬರಲು ಎಲ್.ಟಿ.ಸಿ. ಉಂಟಷ್ಟೆ. ಸಹೋದ್ಯೋಗಿಗಳು ಕಾಶ್ಮೀರ, ಅಂಡಮಾನ್ ಎಂದು ಬರೆದರು. ನಾನು ಶಿರಸಿ ಎಂದು ಬರೆದೆ. ನಕ್ಕರು, ನಗಲಿ. ಸೇವಾ ಪುಸ್ತಕದಲ್ಲಿ ಸ್ವಂತ ಊರೆಂದು ನಮೂದಾಗಿರುವ ಹಾವೇರಿ ಕಡೆಯ ಹಳ್ಳಿಯಲ್ಲಿ ನನಗೀಗ ಮನೆಯೂ ಇಲ್ಲ, ಹೊಲವೂ ಇಲ್ಲ. ಎರಡೆಕರೆ ಮಾರಿ ಡೊಂಬಿವಲಿಯಲ್ಲಿ ಎರಡು ಕೋಣೆ ಕೊಂಡವನು ನಾನು.

ಮತ್ಸ್ಯಗಂಧಾ ಗಾಡಿಯಿಂದ ಕುಮಟಾದಲ್ಲಿಳಿದು ಘಟ್ಟ ಹತ್ತಿದೆವು. ಗೆಳೆಯನ ಮನೆ ತೋಟದ ತಲೆಯ ಮೇಲೆ. ಜಗಲಿಗೆ ಕಾಲಿಡುತ್ತಲೇ ಅವನ ಆಯಿ ನನ್ನ ಮಗನನ್ನು, “ತಮಾ, ಆಸರಿಗೆ ಎಂತಾ ಬೇಕು?” ಎಂದು ಕೇಳಿದರು. ಹುಡುಗ ನನ್ನ ಕಿವಿಯಲ್ಲಿ, “ಆಸರೆ ಅಂದ್ರೆ ಶೆಲ್ಟರ್ ಅಲ್ವಾ ಪಪ್ಪಾ?” ಎಂದ. ಮುಂಬೈಯಲ್ಲಿ ಬೆಳೆದ ಕನ್ನಡ! ಅಷ್ಟರಲ್ಲಿ ಬೆಲ್ಲ ಮತ್ತು ತಣ್ಣೀರು ಬಂದು ಅರ್ಥ ತಿಳಿಯಿತು.

ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ. ಮಾವಿನ ಮಿಡಿ ಬೇಯಿಸಿ ಕಿವುಚಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟ ಆ ತೆಳ್ಳನೆಯ ಹುಳಿಯನ್ನು ಎರಡು ಲೋಟ ಕುಡಿದವನು ಫೈಲು, ಮೆಮೋ, ಲೋಕಲ್ ಗಾಡಿ ಎಲ್ಲ ಮರೆತು ಜಗಲಿಯ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಾನೆ. ನಾನು ಮೂರು ದಿನ ಬಿದ್ದುಕೊಂಡೆ.

ನಾಲ್ಕನೆಯ ದಿನ ಗೆಳೆಯ, “ಏಳು ಮಾರಾಯ, ಬಿ.ಎಸ್ಸಿ. ಮಾಡಿದ್ದಕ್ಕೆ ಕೆಲಸ ಕೊಡ್ತೇನೆ” ಎಂದ. ಮಳೆಗೆ ಮುಂಚೆ ಕೊಳೆರೋಗದ ಮದ್ದು ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎಲ್ಲ ಸೇರಿ 100 ಲೀಟರ್ ನೀರು. ಬೋರ್ಡೋ ದ್ರಾವಣ ಹದವಾಯಿತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದ್ದಿದೆವು. ಕೆಂಪಾಯಿತು, ಕಬ್ಬಿಣದ ಮೇಲೆ ತಾಮ್ರ ಕೂತಿತ್ತು. ಇನ್ನಷ್ಟು ಸುಣ್ಣ ಸುರಿದೆವು. ಇಪ್ಪತ್ತೈದು ವರ್ಷಗಳ ಮೇಲೆ ಓದಿದ ರಸಾಯನಶಾಸ್ತ್ರ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾಗಿ, ಅವನೇ ಉದ್ದದ ದೋಟಿ ಹಿಡಿದು ನೆಲದಲ್ಲಿ ನಿಂತು ಹೊಡೆಯುತ್ತಾನೆ. ಎಲೆಚುಕ್ಕೆ ರೋಗದಿಂದ ಸೋಗೆ ಒಣಗಿದ ಮರಗಳನ್ನೂ ತೋರಿಸಿದ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಾವಿಬ್ಬರೂ ಒಂದೇ ಪರೀಕ್ಷೆ ಬರೆದು ಗುಮಾಸ್ತರಾಗಿ ಆಯ್ಕೆಯಾದವರು. ಅಪ್ಪ ಹಾಸಿಗೆ ಹಿಡಿದರೆಂದು ಅವನು ಹೋಗಲಿಲ್ಲ.

ಕೊನೆಯ ರಾತ್ರಿ ಕವಳ ಹಾಕುತ್ತಾ, “ನೀ ಹೋದದ್ದೇ ಸೈ” ಎಂದ. “ಮಗ ಬೆಂಗಳೂರು ಸೇರಿದ. ಬರೋದಿಲ್ಲ ಅಂತಾನೆ. ತೋಟ ಕೇಳಿಕೊಂಡು ಒಬ್ಬರು ಎರಡು ಸಲ ಬಂದು ಹೋಗಿದ್ದಾರೆ. ಆಯಿಗೆ ಹೇಳಿಲ್ಲ.”

ಒಳಗೆ ಆಯಿ ನನ್ನ ಮಗನಿಗೆ ಅದೇನೋ ಕತೆ ಹೇಳುತ್ತಿದ್ದರು. “ಒಂದು ವರ್ಷ ತಡಿಯೋ” ಎಂದೆ.

“ಹೊಲ ಮಾರುವಾಗ ನಿನಗೂ ನಾನು ಅದನ್ನೇ ಬರೆದಿದ್ದೆ.”

ಹೌದು, ಬರೆದಿದ್ದ. ಆ ಪತ್ರಕ್ಕೆ ನಾನು ಉತ್ತರ ಹಾಕಿರಲಿಲ್ಲ. ಆಗಲೂ ಮಾತು ಹೊರಡಲಿಲ್ಲ. ಅವನೇ ಎದ್ದು ದೀಪ ಆರಿಸಿದ.

ಹೊರಡುವಾಗ ಆಯಿ ಮಿಡಿ ಉಪ್ಪಿನಕಾಯಿಯ ಭರಣಿ ಕೊಟ್ಟು, ಮಳೆಗಾಲ ಮುಗಿಯುವವರೆಗೆ ಬಾಯಿ ತೆಗೆಯಬೇಡಿ ಎಂದರು. ಅದು ನಮ್ಮ ಅಡುಗೆಮನೆಯ ಮೇಲಿನ ಹಲಗೆ ಏರಿತು. ಜುಲೈಯಲ್ಲಿ ಗೆಳೆಯನ ಫೋನ್ ಬಂತು. ಮಳೆ ಬಿಡುವು ಕೊಟ್ಟಿದೆ, ಎರಡನೆಯ ಸಲದ ಮದ್ದು ಹೊಡೆಯುತ್ತಿದ್ದೇನೆ ಎಂದ. ಕತ್ತಿ ಅದ್ದಿ ನೋಡಿದೆಯಾ ಎಂದು ಕೇಳಿದೆ. ಮಾರುವ ವಿಷಯ ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.