ಜಾರುಬಂಡೆಯ ಮೂಲೆಯಲ್ಲಿ ಅಡಗಿದ್ದ ಗಾಳಿ

ಮಕ್ಕಳೇ, ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿನ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುತ್ತದೆ. ನಮ್ಮ ದೇಶದ ತೇಜಸ್ ಯುದ್ಧವಿಮಾನ ಅಲ್ಲಿ ಗುಡುಗುತ್ತಾ ಮೇಲೇರುವುದನ್ನು ನೋಡುವುದೇ ಒಂದು ಹಬ್ಬ. ಆ ವಿಮಾನದ ಹೊರಮೈಯ ಬಹುಪಾಲು ಲೋಹದ್ದಲ್ಲ, ಎಳೆ ಮತ್ತು ಅಂಟಿನದು ಎಂದರೆ ನಂಬುತ್ತೀರಾ? ಕೂದಲಿಗಿಂತ ಸಣ್ಣದಾದ ಇಂಗಾಲದ ಎಳೆಗಳನ್ನು ಅಂಟಿನಂಥ ರಾಳದಲ್ಲಿ ಸೇರಿಸಿ, ಪದರದ ಮೇಲೆ ಪದರವಿಟ್ಟು ಗಟ್ಟಿಮಾಡಿದ ವಸ್ತು ಅದು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಮಣ್ಣಿನ ಗೋಡೆ ಕಟ್ಟುವಾಗ ನಮ್ಮ ಹಿರಿಯರು ಮಣ್ಣಿಗೆ ಹುಲ್ಲು ಬೆರೆಸುತ್ತಿದ್ದರು. ಹುಲ್ಲು ಗೋಡೆ ಬಿರಿಯದಂತೆ ಹಿಡಿಯುತ್ತದೆ, ಮಣ್ಣು ಹುಲ್ಲನ್ನು ಅದರ ಜಾಗದಲ್ಲಿ ನಿಲ್ಲಿಸುತ್ತದೆ. ಇಲ್ಲಿ ಎಳೆಯೇ ಹುಲ್ಲು, ರಾಳವೇ ಮಣ್ಣು.

ನನಗೆ ಈ ವಿದ್ಯೆಯ ಪರಿಚಯವಾದದ್ದು ವಿಮಾನದಿಂದಲ್ಲ, ಜಾರುಬಂಡೆಯಿಂದ. ಓದು ಮುಗಿಸಿದ ಹೊಸದರಲ್ಲಿ ನಾನು ಯಶವಂತಪುರದ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಗಾಜಿನ ಎಳೆಗಳ ಮ್ಯಾಟ್ ಬಳಸಿ ನೀರಿನ ತೊಟ್ಟಿ, ಕುರ್ಚಿ, ಆಟದ ಸಾಮಾನು ತಯಾರಿಸುತ್ತಿದ್ದರು. ಅಚ್ಚಿಗೆ ಮೇಣ ಸವರಿ, ಬಣ್ಣದ ಪದರ ಬಳಿದು, ಅದರ ಮೇಲೆ ಮ್ಯಾಟ್ ಹಾಸಿ, ಬ್ರಷ್ಷಿನಿಂದ ರಾಳ ಹಚ್ಚಿ, ರೋಲರಿನಿಂದ ಗಾಳಿ ಹೊರದಬ್ಬುವುದು ನನ್ನ ಕೆಲಸ.

ಸಪಾಟಾದ ಜಾಗದಲ್ಲಿ ಇದು ಸುಲಭ. ನಿಮ್ಮ ಪುಸ್ತಕಕ್ಕೆ ನೀವು ಸಲೀಸಾಗಿ ಬೈಂಡ್ ಹಾಕುತ್ತೀರಿ. ಅದೇ ಕಾಗದವನ್ನು ಚೆಂಡಿಗೆ ಸುತ್ತಿ ನೋಡಿ. ಎಲ್ಲೆಲ್ಲೂ ಸುಕ್ಕು! ಜಾರುಬಂಡೆಯ ತಳಕ್ಕೂ ಪಕ್ಕದ ಗೋಡೆಗೂ ನಡುವೆ ಅಂಥದೇ ಕಷ್ಟದ ಮೂಲೆಯಿತ್ತು. ಅದೂ ಬಾಗುತ್ತಾ ಹೋಗುವ ಮೂಲೆ. ಒಂದು ಸಂಜೆ ನಾನು ಅವಸರದಲ್ಲಿ ದಪ್ಪ ಮ್ಯಾಟನ್ನು ಒಂದೇ ಸಲಕ್ಕೆ ಅದರೊಳಗೆ ಒತ್ತಿದೆ. ಅದು ಮೂಲೆಗೆ ಇಳಿಯದೆ ಹಳ್ಳದ ಮೇಲಿನ ಸೇತುವೆಯಂತೆ ನಿಂತಿತು. ಕೆಳಗೆ ಬರೀ ಗಾಳಿ. ಬೆಳ್ಳಗೆ ಕಾಣುತ್ತಿದ್ದ ಆ ಕಲೆಯ ಮೇಲೆ ಇನ್ನಷ್ಟು ರಾಳ ಸುರಿದು ಮುಚ್ಚಿ ಮನೆಗೆ ಹೋದೆ.

ಮರುದಿನ ಅಚ್ಚಿನಿಂದ ಬಿಡಿಸಿದಾಗ ಕಿತ್ತಳೆ ಬಣ್ಣದ ಜಾರುಬಂಡೆ ಫಳಫಳ ಹೊಳೆಯುತ್ತಿತ್ತು. ಮೇಸ್ತ್ರಿ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಉದ್ದಕ್ಕೂ ಬಡಿಯುತ್ತಾ ಬಂದರು. ಟಣ್, ಟಣ್, ಟಣ್. ಮೂಲೆಗೆ ಬಂದಾಗ ಡಬ್!

"ಏನಪ್ಪಾ, ಇದು ನಿನಗೆ ನಿನ್ನೆಯೇ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಆದರೆ ಅದರ ಮೇಲೆ ಜಾರುವವರು ನಿಮ್ಮಂಥ ಮಕ್ಕಳು. ಬಿರಿದರೆ ಗಾಜಿನ ಎಳೆಗಳು ಚರ್ಮ ಸೀಳುತ್ತವೆ. "ಗೊತ್ತಿತ್ತು ಅಣ್ಣಾ" ಎಂದೆ. ಅವರು ಬೈಯಲಿಲ್ಲ. ಗರಗಸ ತಂದು ನನ್ನ ಕೈಗೇ ಕೊಟ್ಟರು. ನಾಲ್ಕು ದಿನದ ಕೆಲಸವನ್ನು ನಾನೇ ಕತ್ತರಿಸಿದೆ.

ಆಮೇಲೆ ಮೇಸ್ತ್ರಿ ಪಾಠ ಹೇಳಿದರು. ಮೊದಲು ಅಚ್ಚಿನ ಚೂಪು ಮೂಲೆಗೆ ಮೇಣ ತುಂಬಿ ದುಂಡಗೆ ಮಾಡಿದೆವು. ದಪ್ಪ ಮ್ಯಾಟಿನ ಬದಲು ತೆಳುವಾದದ್ದನ್ನು ತೆಗೆದುಕೊಂಡೆವು. ಅದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದೆವು. ಹರಿದ ಅಂಚಿನ ಎಳೆಗಳು ಪಕ್ಕದ ತುಂಡಿನೊಂದಿಗೆ ಬೆರೆತುಹೋಗುತ್ತವೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿಯುತ್ತದೆ. ಸಣ್ಣ ತುಂಡುಗಳನ್ನು ಒಂದರ ಮೇಲೊಂದು ಏರಿಸಿ, ಬ್ರಷ್ಷಿನ ತುದಿಯಿಂದ ಕುಟ್ಟಿ ಕೂರಿಸಿದೆವು. ಈ ಸಲ ನಾಣ್ಯ ಎಲ್ಲೆಡೆಯೂ ಟಣ್ ಎಂದಿತು.

ಕೈಯಿಂದಲೇ ಏಕೆ ಹಾಸಬೇಕು, ಬೇರೆ ದಾರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಹಾಸಿದ ಪದರಗಳ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ಎಳೆದುಬಿಟ್ಟರೆ ಹೊರಗಿನ ವಾತಾವರಣವೇ ಒತ್ತುತ್ತದೆ. ಒಂದು ಚದರ ಮೀಟರಿನ ಮೇಲೆ ಸುಮಾರು 10 ಟನ್ ಭಾರ! ಒಣ ಎಳೆಗಳನ್ನು ಮೊದಲು ಜೋಡಿಸಿ, ಇದೇ ಸೆಳೆತದಿಂದ ರಾಳವನ್ನು ಒಳಗೆ ಹರಿಸುವುದು ಇನ್ನೊಂದು ದಾರಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಸರಸ್ ವಿಮಾನದ ರೆಕ್ಕೆಗಾಗಿ ಇಂಥ ವಿಧಾನವನ್ನು ರೂಪಿಸಿತು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್‌ನಂಥ ವಿಮಾನಕ್ಕೆ ಇದೂ ಸಾಲದು. ಮೊದಲೇ ರಾಳ ಸವರಿದ ಹಾಳೆಗಳನ್ನು ಗಟ್ಟಿಯಾಗದಂತೆ ಶೈತ್ಯಾಗಾರದಲ್ಲಿ ಇಟ್ಟಿರುತ್ತಾರೆ. ಅವನ್ನು ಲೆಕ್ಕದ ಪ್ರಕಾರ ಬೇರೆ ಬೇರೆ ದಿಕ್ಕಿಗೆ ಜೋಡಿಸಿ ಆಟೋಕ್ಲೇವ್ ಎಂಬ ಭಾರೀ ಒಲೆಯಲ್ಲಿ ಬೇಯಿಸುತ್ತಾರೆ. ಅದು ನಿಮ್ಮ ಮನೆಯ ಕುಕ್ಕರಿನ ದೊಡ್ಡಣ್ಣ! ಅಲ್ಲಿನ ಒತ್ತಡ ವಾತಾವರಣದ ಒತ್ತಡದ ಹಲವು ಪಟ್ಟು. ಖರ್ಚೂ ಹೆಚ್ಚು. ಜಾರುಬಂಡೆಗೆ ಅದು ಬೇಡ, ಯುದ್ಧವಿಮಾನಕ್ಕೆ ಬೇಕೇ ಬೇಕು.

ಆದರೆ ಒಂದು ಮಾತು ನೆನಪಿಡಿ. ಚೀಲವೇ ಮೂಲೆಗೆ ಇಳಿಯದೆ ಬಿಗಿದು ನಿಂತರೆ ಎಷ್ಟೇ ಒತ್ತಡವಿದ್ದರೂ ಅಲ್ಲಿಗೆ ತಲುಪದು. ಅದಕ್ಕೆಂದೇ ಚೀಲಕ್ಕೆ ಮೂಲೆಯಲ್ಲಿ ಸಡಿಲವಾದ ಮಡಿಕೆ ಬಿಡುತ್ತಾರೆ. ವಿಧಾನ ಯಾವುದಾದರೂ ಮೊದಲು ಮೂಲೆಯನ್ನು ನೋಡಬೇಕು.

ನೀವೂ ಒಂದು ಪ್ರಯೋಗ ಮಾಡಿ. ಒಂದು ಬಟ್ಟಲಿನೊಳಗೆ ಒಣ ಕಾಗದವನ್ನು ಒತ್ತಿ ಕೂರಿಸಿ. ಆಮೇಲೆ ಒದ್ದೆ ಕರವಸ್ತ್ರವನ್ನು ಕೂರಿಸಿ. ಕೊನೆಗೆ ಒದ್ದೆ ಕಾಗದದ ಸಣ್ಣ ಚೂರುಗಳನ್ನು ಕೂರಿಸಿ. ಯಾವುದು ತಳಕ್ಕೆ ಅಂಟಿತು? ಯಾವುದು ಸೇತುವೆಯಾಯಿತು? ಬರೆದಿಡಿ. ರಾಳವನ್ನು ಮಾತ್ರ ಮುಟ್ಟಬೇಡಿ, ಅದರ ಹಬೆ ಒಳ್ಳೆಯದಲ್ಲ.

ಇಂದಿಗೂ ಉದ್ಯಾನದಲ್ಲಿ ಜಾರುಬಂಡೆ ಕಂಡರೆ ನನ್ನ ಕೈ ಜೇಬಿನ ನಾಣ್ಯ ಹುಡುಕುತ್ತದೆ. ನೀವೂ ಒಮ್ಮೆ ಬಡಿದು ನೋಡಿ. ಎಲ್ಲಾದರೂ ಡಬ್ ಎಂದರೆ ಸುಮ್ಮನಿರಬೇಡಿ, ದೊಡ್ಡವರಿಗೆ ಹೇಳಿ.