ಉಮ್ಮ ಯಾರಿಗೂ ಹೇಳದ ಸಂಕಟ

ಹನ್ನೂರದಿಂದ ನಮ್ಮ ಬೇಕರಿಗೆ ಹಾಲು ತರುತ್ತಿದ್ದ ಅಕ್ಕ ಒಂದು ತಿಂಗಳು ಬರಲಿಲ್ಲ. ಮಗನನ್ನು ಕೇಳಿದರೆ, "ಅವ್ವ ಪಿಶವಿ ತೆಗಸ್ಯಾಳ್ರಿ" ಎಂದ. ಮರಾಠಿಯಲ್ಲಿ ಪಿಶವಿ ಎಂದರೆ ಚೀಲ. ಅಕ್ಕಲಕೋಟೆ ಕಡೆಯ ಕನ್ನಡದಲ್ಲಿ ಗರ್ಭಕೋಶಕ್ಕೂ ಅದೇ ಮಾತು. ಗಂಡನ ವ್ಯಾಪಾರಕ್ಕೆಂದು ನಾವು ಅಲ್ಲಿದ್ದಾಗಿನ ಸಂಗತಿ ಇದು.

ನೋಡಲು ಹೋದೆ. ನನಗೆ ಕೌದಿ ಹಾಸಿ, ತಾನು ಮಡಚಿದ ಹಳೇ ಸೀರೆಯ ಮೇಲೆ ಕೂತಳು. ಕೋಣೆಯಲ್ಲಿದ್ದ ವಾಸನೆ ನನಗೆ ಗೊತ್ತಿತ್ತು. ನನ್ನ ಉಮ್ಮನ ಕೋಣೆಯಲ್ಲೂ ಅದೇ ಇತ್ತು.

ಉಮ್ಮನಿಗೆ ಎರಡು ಸಿಸೇರಿಯನ್ ಆಗಿತ್ತು. ಗಡ್ಡೆ ಎಂದು ಗರ್ಭಕೋಶ ತೆಗೆಸಿದ ಹತ್ತನೇ ದಿನದಿಂದ ಮೂತ್ರ ಸೋರತೊಡಗಿತು. ಯಾರಿಗೂ ಹೇಳಲಿಲ್ಲ. ಮದುವೆಗಳಿಗೆ ಬರುವುದನ್ನು ಬಿಟ್ಟರು, ನಮಾಝ್ ಕೂಡ ಬಿಟ್ಟರು. ಮಂಡಿನೋವು ಎಂದುಕೊಂಡೆವು. ಹಾಸಿಗೆ ಬಿಸಿಲಿಗೆ ಹಾಕಿದ ದಿನ ನನಗೆ ಗೊತ್ತಾಯಿತು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ನಿಲ್ಲದೆ ಸೋರುವವರು ಪ್ರತಿ ಫರ್ಝ್ ನಮಾಝಿಗೆ ವಕ್ತ್ ಆದ ಮೇಲೆ ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಬಹುದು ಎಂದು ನಮ್ಮ ಕಿತಾಬುಗಳಲ್ಲೇ ಇದೆ. ಉಮ್ಮನಿಗೆ ಅದನ್ನು ಹೇಳುವವರಿರಲಿಲ್ಲ, ಕೇಳಲು ಅವರಿಗೆ ಬಾಯಿ ಬರಲಿಲ್ಲ.

ಕೊನೆಗೆ ಮಂಗಳೂರಿನಲ್ಲಿ ತೋರಿಸಿದಾಗ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು. ಮೂತ್ರಕೋಶ ಗರ್ಭಕೋಶದ ಮುಂದೆಯೇ ಒತ್ತಿಕೊಂಡಿರುತ್ತದೆ. ಸಿಸೇರಿಯನ್ನಿನ ಗಾಯ ಮಾಗುವಾಗ ಎರಡೂ ಅಂಟಿಕೊಳ್ಳಬಹುದು. ಆಮೇಲೆ ಬಿಡಿಸುವಾಗ ಹರಿಯುವ ಅಪಾಯ ಹೆಚ್ಚು. ಕಿಡ್ನಿಯಿಂದ ಬರುವ ನಾಳವೋ, ಗರ್ಭಕೋಶದ ರಕ್ತನಾಳದ ಅಡಿಯಲ್ಲೇ, ಗರ್ಭಕೋಶದ ಬಾಯಿಯಿಂದ ಎರಡು ಸೆಂಟಿಮೀಟರಿನಷ್ಟು ದೂರದಲ್ಲಿ ಹಾದುಹೋಗುತ್ತದೆ. ರಕ್ತ ನಿಲ್ಲಿಸಲು ಕಟ್ಟುವಾಗ ಅದೂ ಸಿಕ್ಕಿಬೀಳಬಹುದು. ದೊಡ್ಡ ಗಡ್ಡೆ, ಎಂಡೋಮೆಟ್ರಿಯೋಸಿಸ್, ಕ್ಯಾನ್ಸರ್, ಹಿಂದೆ ಕೊಟ್ಟ ರೇಡಿಯೇಷನ್, ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಸರದಲ್ಲಿ ಮಾಡುವ ಆಪರೇಷನ್, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಒಳ್ಳೆಯ ಕೈಯಲ್ಲೂ ಆಗಬಹುದು ಎಂದರು. ಆಪರೇಷನ್ ಟೇಬಲಿನಲ್ಲೇ ಕಂಡರೆ ಆಗಲೇ ಸರಿಮಾಡಬಹುದಂತೆ.

ಡಾಕ್ಟರರ ಮೇಲೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು. ನಮ್ಮ ಮೇಲೆ ಹೆಚ್ಚಾಯಿತು. ಮದುವೆ ಹಾಲ್ ಬುಕ್ ಮಾಡುವಾಗ ಕೇಳುವಷ್ಟು ಪ್ರಶ್ನೆಗಳನ್ನೂ ನಾವು ಕೇಳಿರಲಿಲ್ಲ. ಈ ಆಪರೇಷನ್ ಬೇಕೇ ಬೇಕೇ? ಮಾತ್ರೆಯಲ್ಲಿ ಆಗುವುದಿಲ್ಲವೇ? ಎರಡು ಸಲ ಕುಯ್ದ ಹೊಟ್ಟೆ, ನೀವು ಇಂಥದ್ದು ಎಷ್ಟು ಮಾಡಿದ್ದೀರಿ? ಮನೆಗೆ ಹೋದ ಮೇಲೆ ಯಾವುದಕ್ಕೆ ಹೆದರಬೇಕು?

'ಬೇಕೇ' ಎಂಬುದು ಸಣ್ಣ ಪ್ರಶ್ನೆಯಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರಕಾರದ ಸಮಿತಿ ವಿಚಾರಿಸಿದ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿಯ ಗರ್ಭಕೋಶ ತೆಗೆದಾಗಿತ್ತು. ಅಕ್ಕಲಕೋಟೆಗೆ ತಾಗಿಕೊಂಡೇ ಇರುವ ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರೂ ಇದೇ ಅನ್ಯಾಯದ ವಿರುದ್ಧ ಬೀದಿಗಿಳಿದಿದ್ದರು.

ಹನ್ನೂರದ ಅಕ್ಕನಿಗೆ ಎಲ್ಲ ಹೇಳಿದೆ. "ನನಗೂ ಎರಡು ಸಿಜರ್ ಆಗ್ಯಾವ್ರಿ" ಎಂದಳು. "ಮನ್ಯಾಗ ಹೇಳಬ್ಯಾಡ್ರಿ. ಬಸ್ಸಿನ್ಯಾಗ ಸೀಟ್ ಖಾಲಿ ಇದ್ರೂ ನಾ ನಿಂತೇ ಹೋಗ್ತೀನಿ." ಅವಳ ಗಂಡನಿಗೆ ಅವಳೇ ಹೇಳುವ ತನಕ ನಾನು ಏಳಲಿಲ್ಲ. ಹೇಳುವಾಗ ಅವಳು ಗೋಡೆ ನೋಡುತ್ತಿದ್ದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊಲ್ಲಾಪುರಕ್ಕ ಎಷ್ಟೊತ್ತಿಗೆ ಹೋಗೂಣು?" ಎಂದ.

ಸೊಲ್ಲಾಪುರದಲ್ಲಿ ಮೊದಲು ಕ್ಯಾಥೆಟರ್ ಹಾಕಿದರು. ಸಣ್ಣ ತೂತಾದರೆ ಅದರಲ್ಲೇ ಮುಚ್ಚುವುದುಂಟು. ಅವಳದ್ದು ಮುಚ್ಚಲಿಲ್ಲ. ಒಳಗಿನ ಬಾವು ಇಳಿಯಲಿ ಎಂದು ಮೂರು ತಿಂಗಳು ಕಾದು ಹೊಲಿದರು. ಅಷ್ಟರಲ್ಲಿ ನಾವು ಊರಿಗೆ ಮರಳಿದ್ದೆವು.

ಒಂದು ಮಧ್ಯಾಹ್ನ ಫೋನ್ ಬಂತು. ಹಿಂದೆ ಕಂಡಕ್ಟರನ ಸೀಟಿ ಕೇಳುತ್ತಿತ್ತು.

"ಅಕ್ಕಾ, ಸೀಟ್ ಮ್ಯಾಲ ಕುಂತು ಮಾತಾಡಾಕತ್ತೀನಿ."